ಸವೆದ ಗೇಣು ಕಬ್ಬಿಣ

ಆ ಮಧ್ಯಾಹ್ನ ನಮ್ಮ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಮೂರೇ ಮಂದಿ ಇದ್ದೆವು. ಕಾಲು ಅಲ್ಲಾಡುವ ಸ್ಟೂಲಿನ ಮೇಲೆ ಅವರು, ಇನ್ನು ಹದಿನೈದು ದಿನಕ್ಕೆ ನಿವೃತ್ತರಾಗಲಿದ್ದ ನಮ್ಮ ಸಂಸ್ಥೆಯ ಹಿರಿಯ ವಿಜ್ಞಾನಿ. ಮೇಜಿನ ಈಚೆ ನಾನು, ಪುಸ್ತಕ ನೋಡಿಕೊಳ್ಳುವವನು. ಬಾಗಿಲಲ್ಲಿ, ಒಳಗೆ ಬರಲೋ ಬೇಡವೋ ಅನ್ನುವಂತೆ, ಆಫೀಸಿನ ಸೂಪರಿಂಟೆಂಡೆಂಟ್. ನಡುವೆ ನೆಲದ ಮೇಲೆ ನಲವತ್ತು ಅಲ್ಯೂಮಿನಿಯಂ ಡಬ್ಬ, ಒಂದೊಂದಕ್ಕೂ ಅಂಟಿಸಿದ ಚೀಟಿ, ಚೀಟಿಯ ಮೇಲೆ ಅವರ ದುಂಡು ಅಕ್ಷರ.

ಸೂಪರಿಂಟೆಂಡೆಂಟ್ ಒಂದು ಡಬ್ಬದ ಮುಚ್ಚಳ ತೆಗೆದು ನೋಡಿದರು. "ಏಮಂಡಿ ಮೇಡಂ, ಇದಿ ಮಟ್ಟೇ ಕದಾ?" ಮಣ್ಣೇ ಅಲ್ಲವೇ ಇದು, ಅಂತ.

"ಅವುನಂಡಿ, ಮಟ್ಟೇ" ಅಂದರು ಇವರು. ಆಮೇಲೆ ನನ್ನ ಕಡೆ ತಿರುಗಿ, "ನೋಡ್ರಿ ತಮ್ಮಾ, ಒಂದ ನಿಮಿಷದಾಗ ಮಣ್ಣ ಅಂತ ಒಪ್ಪಿಕೊಂಡ್ರು. ನನಗ ಅಷ್ಟು ಒಪ್ಪಿಕೊಳ್ಳಾಕ ಅರ್ಧ ನೌಕರಿ ಹಿಡೀತು" ಅಂದರು.

ಆ ನಲವತ್ತು ಡಬ್ಬಕ್ಕೆ ಇಡೀ ಕಟ್ಟಡದಲ್ಲಿ ಜಾಗ ಇರಲಿಲ್ಲ. ಆವತ್ತು ಸಂಜೆಯೊಳಗೆ ಎಲ್ಲಾದರೂ ಸೇರದಿದ್ದರೆ ಅವೂ ತೋಟದ ಮಾಲಿಯ ಪಾಲಾಗುತ್ತಿದ್ದವು. ಅಲ್ಲಿಗೆ ಹೇಗೆ ಬಂತು ಸಂಗತಿ ಅನ್ನುವುದನ್ನು ಹೇಳಬೇಕಾದರೆ ಮೊದಲು ಈ ಹೆಣ್ಣುಮಗಳು ಎಂಥವರು ಅನ್ನುವುದನ್ನು ಹೇಳಬೇಕು.

ಅವರ ಊರು ವಿಜಯಪುರದ ಕಡೆ. ಇಲ್ಲಿ ಹೈದರಾಬಾದಿನ ತಾರ್ನಾಕದಲ್ಲಿ ಮನೆ. ನಮ್ಮ ಹಿರಿಯರು ಬೀದರ್ ಕಡೆಯಿಂದ ಬಂದವರು, ನಾನು ಓದಿದ್ದೆಲ್ಲ ತೆಲುಗಿನಲ್ಲಿ. ನನ್ನ ಕನ್ನಡ ಅಜ್ಜಿಯ ಮಗ್ಗುಲಲ್ಲಿ ಮಲಗಿ ಕಲಿತದ್ದು. ನಾನು ಕೆಲಸಕ್ಕೆ ಸೇರಿದ ವಾರ ಅವರು ಗ್ರಂಥಾಲಯಕ್ಕೆ ಬಂದು ತೆಲುಗಿನಲ್ಲಿ ಯಾವುದೋ ಪುಸ್ತಕ ಕೇಳಿದರು. ನಾನು ಹುಡುಕುತ್ತ ಹುಡುಕುತ್ತ ಬಾಯೊಳಗೇ "ಎಲ್ಲಿ ಇಟ್ಟಾರೋ ಏನೋ" ಅಂದುಕೊಂಡೆ. ಹಿಂದಿನಿಂದ ದನಿ ಬಂತು: "ಅಲ್ಲೇ ಮ್ಯಾಲಿನ ಸಾಲಿನ್ಯಾಗ ಐತಿ ನೋಡ್ರಿ, ತಮ್ಮಾ." ಆವತ್ತಿನಿಂದ ನಾನು ತಮ್ಮ, ಅವರು ಅಕ್ಕಾರು.

ಅವರ ವಿದ್ಯೆಗೆ ಪೆಟ್ರೋಲಿಯಂ ಭೂರಸಾಯನ ಅಂತ ಹೆಸರು. ನನಗೆ ತಿಳಿಯಲಿಲ್ಲ ಅಂದಾಗ ಅವರು ಹೇಳಿದ ರೀತಿ ಇದು. "ನೆಲದ ಹೊಟ್ಟ್ಯಾಗ ಎಲ್ಲೋ ಎಣ್ಣಿ ಇರತೈತಿ ಅನ್ಕೋರಿ. ಅದರ ಮ್ಯಾಲ ಎಷ್ಟು ಕಲ್ಲು ಹೇರಿದ್ರೂ ಒಂದೀಟು ಗಾಳಿ ತಪ್ಪಿಸಿಕೊಂಡು ಮ್ಯಾಲ ಬರತೈತಿ. ಬಂದು ಮ್ಯಾಲಿನ ಮಣ್ಣಿಗಿ ಹತ್ತಿಕೊಂಡು ಕುಂದರತೈತಿ. ಆ ಮಣ್ಣಿಗಿ ಆಸಿಡ್ ಹಾಕಿದ್ರ ಹಿಡಕೊಂಡಿದ್ದ ಉಸಿರು ಬಿಡತೈತಿ. ಆ ಉಸಿರನ್ನ ಮಷೀನಿಗಿ ಕೊಟ್ಟು ಏನೇನೈತಿ ಅಂತ ನೋಡೋದು, ಅಷ್ಟ ನನ್ನ ಕೆಲಸ." ಎಣ್ಣೆಯನ್ನು ನೋಡದೆ ಎಣ್ಣೆಯ ಸುಳಿವು ಹಿಡಿಯುವವರು ಅಂತಾಯಿತು.

ಸುಳಿವು ಹಿಡಿಯುವವರಾದ್ದರಿಂದ ಅವರ ಮೂಗು ಕಿವಿ ಎಲ್ಲ ಬೇರೆ ಥರ ಇದ್ದವು. ನಾನು ದಾರಿಯಲ್ಲಿ ಸ್ಕೂಟರಿಗೆ ಪೆಟ್ರೋಲ್ ಹಾಕಿಸಿಕೊಂಡು ಬಂದ ದಿನ ಅವರ ಪ್ರಯೋಗಶಾಲೆಯ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. "ಅಲ್ಲೇ ನಿಂದರ್ರಿ. ಕೈಯಾಗ ಬಂಕ್ ತಂದೀರಿ." ಊಟದ ಡಬ್ಬಿಯಲ್ಲಿ ರೊಟ್ಟಿ, ಶೇಂಗಾ ಚಟ್ನಿ ಇರುತ್ತಿತ್ತು. ಅದನ್ನು ನಮ್ಮ ಗ್ರಂಥಾಲಯಕ್ಕೆ ತಂದು ತಿನ್ನುತ್ತಿದ್ದರು. ಪುಸ್ತಕಗಳಿಗೆ ಎಣ್ಣೆ ತಾಕಬಾರದು ಅಂದರೆ, "ನಿಮ್ಮ ಪುಸ್ತಕಕ್ಕ ಆಸಿಡ್ ಹಾಕಿ ಯಾರೂ ನೋಡಂಗಿಲ್ಲ, ತಿನ್ರಿ ಸುಮ್ನ" ಅನ್ನುವರು.

ಅವರ ಪರ್ಸಿನಲ್ಲಿ ಸದಾ ಒಂದು ಅಯಸ್ಕಾಂತ ಇರುತ್ತಿತ್ತು. ಹಳೆಯ ರೇಡಿಯೋ ಸ್ಪೀಕರಿನಿಂದ ಕಿತ್ತದ್ದು, ಅಂಗೈ ಅಗಲದ್ದು, ಬಿಳಿ ಕಾಗದದಲ್ಲಿ ಸುತ್ತಿದ್ದು. ಮೆಟ್ರೊ ನಿಲ್ದಾಣದ ತಪಾಸಣೆಯಲ್ಲಿ ಪ್ರತಿ ಸಲ ಸಿಕ್ಕಿಬೀಳುತ್ತಿತ್ತು. ಒಮ್ಮೆ ನಾನೂ ಜೊತೆಗಿದ್ದೆ. ಕಾವಲಿನ ಹುಡುಗಿ ಅದನ್ನು ಕೈಯಲ್ಲಿ ಹಿಡಿದು, "ಯೇ ಕ್ಯಾ ಹೈ ಅಮ್ಮಾ? ಕಿಸ್ ಲಿಯೇ?" ಅಂದಳು, ಇದೇನು, ಯಾತಕ್ಕೆ ಅಂತ.

"ಮಿಟ್ಟೀ ಮೇ ಫಿರಾನೇ ಕೇ ಲಿಯೇ, ಬೇಟಾ" ಅಂದರು, ಮಣ್ಣಿನಲ್ಲಿ ಆಡಿಸುವುದಕ್ಕೆ ಅಂತ. ಆ ಹುಡುಗಿ ನನ್ನನ್ನು ಒಂದು ಥರ ನೋಡಿದಳು. ತಾಯಿಯನ್ನು ನೋಡಿಕೊಳ್ಳಬಾರದೇ ಅನ್ನುವ ನೋಟ ಅದು.

ಆ ಅಯಸ್ಕಾಂತ ಅವರ ಪರ್ಸು ಸೇರಿದ್ದಕ್ಕೆ ಒಬ್ಬ ಮನುಷ್ಯ ಕಾರಣ. ಸಾಬಣ್ಣ ಅಂತ, ಯಾದಗಿರಿ ಕಡೆಯವನು. ಕೂಕಟ್‌ಪಲ್ಲಿಯಲ್ಲಿ ಕೂಲಿಯವರು ಬೆಳಿಗ್ಗೆ ಬಂದು ನಿಲ್ಲುವ ಅಡ್ಡಾ ಇದೆಯಲ್ಲ, ಅಲ್ಲಿ ಅಕ್ಕಾರಿಗೆ ಸಿಕ್ಕವನು. ಅವರು ಮಣ್ಣು ತರಲು ಹೊರಟಾಗಲೆಲ್ಲ ಅಡ್ಡಾಕ್ಕೆ ಹೋಗಿ ಕನ್ನಡದಲ್ಲಿ ಕೂಗಿ, ಯಾರು ತಿರುಗಿ ನೋಡುತ್ತಾರೋ ಅವರನ್ನು ಕರೆದೊಯ್ಯುತ್ತಿದ್ದರಂತೆ. ಸಾಬಣ್ಣ ಮೊದಲ ಸಲ ತಿರುಗಿ ನೋಡಿದವನು ಆಮೇಲೆ ಯಾವ ಸೀಜನ್ನೂ ತಪ್ಪಿಸಲಿಲ್ಲ.

ಅವರ ಕೆಲಸದ ಪದ್ಧತಿ ಹೀಗೆ: ಸಬ್ಬಲಿನಿಂದ, ಅಂದರೆ ಕಬ್ಬಿಣದ ಹಾರೆಯಿಂದ, ಎದೆಮಟ್ಟ ಕುಣಿ ತೋಡಬೇಕು, ತಳದ ಮಣ್ಣು ತೆಗೆದು ಡಬ್ಬಕ್ಕೆ ತುಂಬಿ ಮುಚ್ಚಬೇಕು, ಇಷ್ಟು ದೂರಕ್ಕೊಂದರಂತೆ ಸಾಲು ಹಿಡಿದು ಹೋಗಬೇಕು. ಜೊತೆಗೆ ಒಂದು ವಿಶೇಷ ಇತ್ತು. ಹೈದರಾಬಾದಿನಲ್ಲಿ ನೆಲದಡಿ ಬರೀ ಕಗ್ಗಲ್ಲು, ಎಣ್ಣೆಯ ಮಾತೇ ಇಲ್ಲ. ಹಾಗಾಗಿ ನಮ್ಮ ಸಂಸ್ಥೆಯ ಹಿತ್ತಲಿನ ಮಣ್ಣನ್ನು ಒಂದಷ್ಟು ಡಬ್ಬಗಳಲ್ಲಿ ತುಂಬಿಕೊಂಡು ಹೋಗಿ, ಕುಣಿಗಳ ಪಕ್ಕದಲ್ಲಿ ಮುಚ್ಚಳ ತೆಗೆದಿಟ್ಟು, ಅದೇ ಜೀಪಿನಲ್ಲಿ ವಾಪಸು ತರುತ್ತಿದ್ದರು. ಅದಕ್ಕೆ ಸಾಕ್ಷಿಮಣ್ಣು ಅಂತ ಕರೆಯುತ್ತಿದ್ದರು. ಸಾಕ್ಷಿಮಣ್ಣಿನಲ್ಲೂ ಎಣ್ಣೆಗಾಳಿ ಕಂಡರೆ ಅದು ನೆಲದ್ದಲ್ಲ, ಜೀಪಿನದೋ ಅಡುಗೆ ಒಲೆಯದೋ ಇವರ ಕೈಯದೋ ಅಂತ ಗೊತ್ತಾಗುತ್ತದೆ. ಅಷ್ಟು ಎಚ್ಚರದ ಹೆಂಗಸು.

ಒಂದು ವರ್ಷ ಗಡಿಯಾಚೆ ಕರ್ನಾಟಕದ ಫರಸಿಕಲ್ಲಿನ ಸೀಮೆಯಲ್ಲಿ ಮಣ್ಣು ತೆಗೆದರು. ಒಂದು ಸಾಲಿನ ನಲವತ್ತು ಡಬ್ಬಗಳಲ್ಲಿ ಯಂತ್ರದ ಗೆರೆ ಗುಡ್ಡದಂತೆ ಎದ್ದಿತು. ಸಾಕ್ಷಿಮಣ್ಣು ಮಾತ್ರ ಶುದ್ಧ, ಗೆರೆ ಮಿಸುಕಲಿಲ್ಲ. ಕೆಳಗೆ ಏನೋ ಇದೆ ಅಂತ ಅಕ್ಕಾರು ಲೇಖನ ಬರೆದರು. ಅದು ಅವರ ಹೆಸರನ್ನು ಎಲ್ಲೆಲ್ಲಿಗೋ ಒಯ್ದಿತು. ಯಾವ ಯಾವ ದೇಶದವರೋ ತಮ್ಮ ಬರಹಗಳಲ್ಲಿ ಅದನ್ನು ಹೆಸರಿಸತೊಡಗಿದರು. ಸಂಸ್ಥೆಯಲ್ಲಿ ಶಾಲು ಹೊದಿಸಿದರು. ಸಿಹಿ ಹಂಚಿದ್ದು ನನಗೆ ನೆನಪಿದೆ.

ಮುಂದಿನ ಸೀಜನ್ನಿಗೆ ಮುಂಚೆ ಸಾಬಣ್ಣ ತನ್ನ ಸಬ್ಬಲು ಹೊತ್ತುಕೊಂಡು ಬಂದ. ಅಕ್ಕಾರು ಆಗ ಗ್ರಂಥಾಲಯದಲ್ಲೇ ಚಹಾ ಕುಡಿಯುತ್ತಿದ್ದರು, ಅವನಿಗೂ ತರಿಸಿದರು. ಅವನು ಅವರನ್ನು ಬಾಯಾರು ಅನ್ನುತ್ತಿದ್ದ.

"ಬಾಯಾರ, ಹೊಸಾ ಸಬ್ಬಲ್ ಕೊಡಸ್ರಿ. ಇದು ಗೇಣು ಸವದೈತಿ."

"ಒಂದ ಸೀಜನ್ನಿಗಿ ಗೇಣೇನೋ? ಅನ್ನಕ್ಕ ನಂಜಿಕೊಂಡಿಯೇನು?"

"ನೀವು ನಗಾಕತ್ತೀರಿ. ಆ ಬಂಡಿಗಲ್ಲಿನ ಸಾಲಿನ್ಯಾಗ ಅಗದು ನೋಡ್ರಿ ಗೊತ್ತಾಕ್ಕೈತಿ. ದಿನಾ ಸಂಜೀಕ ಕಮ್ಮಾರನ ಕಡಿ ಹೋಗಿ ಚೂಪ ಮಾಡಿಸಬೇಕು, ಮುಂಜಾನಿ ಅನ್ನೂದರಾಗ ಮತ್ತ ಮೊಂಡ."

"ಮತ್ತ ಎಲ್ಲಿ ಹೋತಪಾ ಆ ಗೇಣು?" ಅಂತ ಅಕ್ಕಾರು ಚಹಾ ಊದುತ್ತ ಕೇಳಿದರು.

"ಎಲ್ಲಿ ಹೋಗತೈತ್ರಿ. ಅರ್ಧ ಕಮ್ಮಾರ ತಿಂದ, ಅರ್ಧ ನಿಮ್ಮ ಮಣ್ಣಾಗ ಐತಿ."

ಅಕ್ಕಾರು ಲೋಟ ಕೆಳಗಿಟ್ಟರು. ಅರ್ಧ ಚಹಾ ಹಾಗೇ ಇತ್ತು. ಸಬ್ಬಲನ್ನು ಅವನ ಕೈಯಿಂದ ತೆಗೆದುಕೊಂಡು, ಎರಡೂ ಕೈಯಲ್ಲಿ ಎತ್ತಿ ಹಿಡಿದು ಪ್ರಯೋಗಶಾಲೆಯ ಕಡೆ ನಡೆದರು. ಸಾಬಣ್ಣ ನನ್ನ ಮುಖ ನೋಡಿದ. "ಕೊಡಸ್ತಾರೋ ಇಲ್ಲೋ?" ಅಂದ.

ಆಮೇಲೆ ಏನು ಮಾಡಿದರು ಅನ್ನುವುದನ್ನು ಅವರೇ ನನಗೆ ಹೇಳಿದ್ದು. ಸಬ್ಬಲಿನ ತುದಿಯನ್ನು ಅರದಿಂದ ಉಜ್ಜಿ ಒಂದು ಚಿಟಿಕೆ ಪುಡಿ ತೆಗೆದರು. ಅದನ್ನು ಶುದ್ಧವಾದ ಸಾಕ್ಷಿಮಣ್ಣಿನಲ್ಲಿ ಕಲಸಿ ಆಸಿಡ್ ಹಾಕಿದರು. ಉಕ್ಕಿನಲ್ಲಿ ಇಂಗಾಲ ಇರುತ್ತದೆ. ಆಸಿಡ್ ಬಿದ್ದರೆ ಅದೂ ಅದೇ ಜಾತಿಯ ಗಾಳಿ ಬಿಡುತ್ತದೆ. ಯಂತ್ರ ಅದೇ ಗುಡ್ಡ ಬರೆಯಿತು. ಸಾಕ್ಷಿಮಣ್ಣು ಅಲ್ಲಿಯವರೆಗೆ ಹೋಗಿ ಬಂದಿತ್ತು ನಿಜ. ಆದರೆ ಹಿತ್ತಲಿನಲ್ಲಿ ಅದನ್ನು ಕಟ್ಟಿಗೆಯ ಚಮಚದಿಂದ ತೆಗೆದಿದ್ದರು, ಸಬ್ಬಲು ಅದನ್ನು ಮುಟ್ಟಿರಲೇ ಇಲ್ಲ.

"ನೆಲ ಎಲ್ಲಿ ಗಟ್ಟಿ ಐತೋ ಅಲ್ಲಿ ಕಬ್ಬಿಣ ಜಾಸ್ತಿ ಸವದೈತಿ. ಎಲ್ಲಿ ಕಬ್ಬಿಣ ಸವದೈತೋ ಅಲ್ಲಿ ಗಾಳಿ ಎದ್ದೈತಿ" ಅಂದರು ಅಕ್ಕಾರು. "ನಾ ಎಣ್ಣೀ ನಕ್ಷಾ ಬರದಿಲ್ಲ ತಮ್ಮಾ. ಸಾಬಣ್ಣಗ ಎಲ್ಲೆಲ್ಲಿ ರಟ್ಟಿ ನೋವಾದ್ವು ಅನ್ನೋದರ ನಕ್ಷಾ ಬರದೀನಿ."

ತಮ್ಮ ತಪ್ಪಿನ ಬಗ್ಗೆ ಒಂದೂವರೆ ಪುಟದ ತಿದ್ದುಪಡಿ ಬರೆದು ಅದೇ ಪತ್ರಿಕೆಗೆ ಕಳಿಸಿದರು. ಅಚ್ಚಾಯಿತು. ಸಾಬಣ್ಣನಿಗೆ ಹೊಸ ಸಬ್ಬಲು ಬಂತು. ಕೊನೆಯ ಒಂದು ಮೊಳ ಮಾತ್ರ ಕಟ್ಟಿಗೆಯ ಸಲಿಕೆಯಿಂದ ತೆಗೆಯಬೇಕು ಅಂತ ಹೊಸ ಕಾಯಿದೆಯೂ ಬಂತು. ಮಣ್ಣಿನಲ್ಲಿ ಕಬ್ಬಿಣ ಇದೆಯೇ ಅಂತ ನೋಡಲು ಅಯಸ್ಕಾಂತ ಪರ್ಸಿಗೆ ಬಂತು.

ಕುತೂಹಲದ ವಿಷಯ ಮುಂದೆ ಇದೆ. ಲೇಖನವನ್ನು ಓದಿದವರು ತಿದ್ದುಪಡಿ ಓದಲಿಲ್ಲ. ಗುಡ್ಡ ಎಲ್ಲರಿಗೂ ಬೇಕಾಗಿತ್ತು, ಸಬ್ಬಲು ಯಾರಿಗೂ ಬೇಡವಾಗಿತ್ತು. ವರ್ಷ ವರ್ಷಕ್ಕೂ ಆ ತಪ್ಪು ಲೇಖನವನ್ನು ನಂಬಿ ಹೆಸರಿಸುವವರು ಹೆಚ್ಚುತ್ತಲೇ ಹೋದರು. ಅವರ ಸರಿಯಾದ ಲೇಖನಗಳೆಲ್ಲ ಹಿಂದೆ ಬಿದ್ದವು.

ಅಕ್ಕಾರು ಇದಕ್ಕೊಂದು ನಿಯಮ ಮಾಡಿಕೊಂಡರು. ಪ್ರತಿ ತಿಂಗಳ ಮೊದಲ ಸೋಮವಾರ ಹನ್ನೊಂದು ಗಂಟೆಗೆ ನನ್ನ ಮೇಜಿನ ಮುಂದೆ ಬಂದು ನಿಂತು ಕೇಳುವುದು: "ಈ ತಿಂಗಳು ಯಾರರ ನಂಬ್ಯಾರೇನು?"

ನಾನು ಕಂಪ್ಯೂಟರಿನಲ್ಲಿ ಹುಡುಕಿ ಹೇಳುತ್ತಿದ್ದೆ. "ಇಬ್ಬರು ನಂಬ್ಯಾರ್ರಿ ಅಕ್ಕಾರ."

"ಅಯ್ಯ ಪಾಪ" ಅಂದು ಅಲ್ಲೇ ಕೂತು ಇಬ್ಬರಿಗೂ ಪತ್ರ ಬರೆಯುವರು. ನನ್ನ ಮಾತು ಕೇಳಿ ನೀವು ದಾರಿ ತಪ್ಪಿದ್ದೀರಿ, ದಯವಿಟ್ಟು ಈ ಒಂದೂವರೆ ಪುಟ ಓದಿ, ನಿಮ್ಮ ಮಣ್ಣಿನಲ್ಲಿ ಕಾಗದ ಸುತ್ತಿದ ಅಯಸ್ಕಾಂತ ಆಡಿಸಿ ನೋಡಿ, ಅಂತ. ಬಹಳ ಮಂದಿ ಉತ್ತರ ಬರೆಯುತ್ತಿರಲಿಲ್ಲ. ಒಬ್ಬ ದೊಡ್ಡ ಮನುಷ್ಯರು, ನಿಮ್ಮ ಸಂಕೋಚಕ್ಕೆ ನಮ್ಮ ಸಮಯ ಹಾಳು ಮಾಡಬೇಡಿ ಅಂತ ಬರೆದರು. ಅದನ್ನು ಓದಿ ಅಕ್ಕಾರು ಮತ್ತೊಂದು ಪತ್ರ ಬರೆದರು, ಸಂಕೋಚ ಅಲ್ಲ, ಕಬ್ಬಿಣ, ಅಂತ. ಎಲ್ಲೋ ದೂರದ ಮರಳುಗಾಡಿನಿಂದ ಒಬ್ಬ ವಿದ್ಯಾರ್ಥಿ ಮಾತ್ರ ಒಂದು ಫೋಟೋ ಕಳಿಸಿದ. ಕಾಗದದ ಮೇಲೆ ಅಯಸ್ಕಾಂತ, ಅದಕ್ಕೆ ಮೀಸೆ ಬಂದ ಹಾಗೆ ಕಬ್ಬಿಣದ ಚೂರು. ಅದನ್ನು ಅಚ್ಚು ಹಾಕಿಸಿಕೊಂಡು ಹೋಗಿ ಮನೆಯ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು. ಹಬ್ಬಕ್ಕೆ ಕರೆದಾಗ ನಮ್ಮ ಮನೆಯವಳಿಗೂ ತೋರಿಸಿದರು. ಮೊಮ್ಮಗನ ಫೋಟೋ ತೋರಿಸಿದ ಹಾಗಿತ್ತು.

ನಿವೃತ್ತಿ ಹತ್ತಿರ ಬಂತು. ಅಕ್ಕಾರ ಮಣ್ಣಿನ ಕೋಣೆ ಅಂತ ಒಂದು ಇತ್ತು. ಅವರ ನೌಕರಿಯಷ್ಟೂ ವರ್ಷಗಳ ಡಬ್ಬಗಳು ಅಲ್ಲಿ ಚಾವಣಿಯವರೆಗೆ. ಆ ಕುಣಿಗಳಿದ್ದ ಎಷ್ಟೋ ಜಾಗಗಳು ಈಗ ರಸ್ತೆಯಡಿ, ನೀರಿನಡಿ, ಸೈಟುಗಳಡಿ ಹೋಗಿವೆ. ಆ ಮಣ್ಣು ಮತ್ತೆ ಸಿಗುವುದಿಲ್ಲ. ಆದರೆ ಹೊಸ ಯಂತ್ರವೊಂದಕ್ಕೆ ಕೋಣೆ ಬೇಕಾಗಿತ್ತು. ಒಂದು ಸಮಿತಿ ಬಂದು ನೋಡುತ್ತದೆ, ಇವರ ಸಂಶೋಧನೆಯ ಪ್ರಭಾವ ದೊಡ್ಡದಾಗಿದ್ದರೆ ಕೋಣೆ ಉಳಿಯುತ್ತದೆ, ಇಲ್ಲದಿದ್ದರೆ ಖಾಲಿ ಅಂತಾಯಿತು. ಪ್ರಭಾವದ ಟಿಪ್ಪಣಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಯಾರು ಯಾರು ಇವರ ಲೇಖನಗಳನ್ನು ಹೆಸರಿಸಿದ್ದಾರೆ ಅಂತ ಪಟ್ಟಿ ಮಾಡಿ ಕೊಡುವುದು.

ನಾನು ಎಲ್ಲವನ್ನೂ ಸೇರಿಸಿ ಉದ್ದನೆಯ ಪಟ್ಟಿ ಮಾಡಿದೆ. ಬೇಕೆಂದೇ ಮಾಡಿದೆ, ಸುಳ್ಳು ಯಾಕೆ ಹೇಳಲಿ. ಅಕ್ಕಾರು ಬೆರಳಿಟ್ಟು ಸಾಲು ಸಾಲು ಓದಿದರು.

"ಇವರೆಲ್ಲ ನನ್ನ ತಪ್ಪು ನಂಬಿದವರಲ್ಲೇನು? ಇವರನ್ಯಾಕ ಇದರಾಗ ಕುಂದ್ರಿಸೀರಿ?"

"ಹೆಸರು ತಗೊಂಡಾರಲ್ರಿ ಅಕ್ಕಾರ. ಪ್ರಭಾವ ಅಂದ್ರ ಅದ."

"ಬ್ಯಾರೆ ಬರೀರಿ. ಒಂದು ಕಡಿ ನಂಬಿ ಕೆಟ್ಟವರು, ಒಂದು ಕಡಿ ಉಳದವರು."

"ಉಳದವರು ಭಾಳ ಕಮ್ಮಿ ಆಗತಾರ್ರಿ. ಕೋಣಿ ಹೋಗತೈತಿ."

"ಹೋಗತೈತಿ."

"ಮಣ್ಣೂ ಹೋಗತೈತ್ರಿ."

ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. "ತಮ್ಮಾ, ನಾಳೆ ಯಾವಾಕಿಯೋ ಬಂದು ಆ ಮಣ್ಣಾಗ ಖರೇ ಏನೈತಿ ಅಂತ ಹುಡುಕಬೇಕು. ಸುಳ್ಳು ಹೇಳಿ ಉಳಿಸಿಟ್ಟ ಮಣ್ಣಾಗ ಆಕಿ ಏನಂತ ಹುಡುಕಬೇಕು?"

ಪಟ್ಟಿ ಎರಡು ಭಾಗವಾಯಿತು. ಸಮಿತಿ ಬಂತು, ಚಹಾ ಕುಡಿಯಿತು, ಪಟ್ಟಿ ನೋಡಿತು. ಒಬ್ಬರು ಮಾತ್ರ ಎರಡನೆಯ ಭಾಗವನ್ನು ಬಹಳ ಹೊತ್ತು ಓದಿದರಂತೆ. ವಾರದಲ್ಲಿ ಕಾಗದ ಬಂತು: ಕೋಣೆ ತೆರವು ಮಾಡುವುದು.

ಮಾಲಿ ಕೈಗಾಡಿ ತಂದ. ಎಷ್ಟೋ ಜಿಲ್ಲೆಗಳ ಮಣ್ಣು ನಮ್ಮ ಗೇಟಿನ ಬಳಿಯ ಗುಲಾಬಿ ಕುಂಡಗಳಿಗೆ ಹೋಯಿತು. ಅಕ್ಕಾರು ಎರಡು ದಿನ ಅಲ್ಲೇ ನಿಂತು ನೋಡಿದರು. "ಗುಲಾಬಿ ಡೀಸೆಲ್ ನಾರ್ತಾವೇನ ನೋಡ್ತಿರ್ರಿ" ಅಂದರು ಮಾಲಿಗೆ. ಅವನು ಹೂಂ ಅಂದ, ಅವನಿಗೆ ಕನ್ನಡ ಬಾರದು. ಆಮೇಲೆ ಅವರು ಕೈಗಾಡಿಯ ಮುಂದೆ ಕೈ ಚಾಚಿ, ನಲವತ್ತು ಡಬ್ಬ ಎತ್ತಿಟ್ಟುಕೊಂಡರು. ಆ ತಪ್ಪಿದ ಸಾಲಿನವು.

"ಇವನ್ಯಾಕ್ರಿ? ಛಲೋವು ಬಿಟ್ಟು?" ಅಂದೆ.

"ನಾ ತಪ್ಪೀನಿ ಅಂತ ಬರದೀನಿ. ಅದೂ ನನ್ನ ಮಾತ ಅಲ್ಲೇನು? ಅದನ್ನರ ಸುಮ್ಸುಮ್ನ ಯಾಕ ನಂಬಬೇಕು? ಯಾರರ ತಗದು ನೋಡಾಕ ಇವು ಬೇಕು."

ಹೀಗೆ ಆ ನಲವತ್ತು ಡಬ್ಬ ಗ್ರಂಥಾಲಯದ ಹಿಂದಿನ ಕೋಣೆಗೆ ಬಂದವು, ಸೂಪರಿಂಟೆಂಡೆಂಟ್ ಬಾಗಿಲಲ್ಲಿ ಬಂದು ನಿಂತರು. ಅವರದೂ ತಪ್ಪಿಲ್ಲ. ಗ್ರಂಥಾಲಯದಲ್ಲಿ ಮಣ್ಣು ಇಡಲು ಯಾವ ನಿಯಮವೂ ಇಲ್ಲ ಅಂದರು. ಸಂಜೆ ಮಾಲಿಯನ್ನು ಕಳಿಸುತ್ತೇನೆ ಅಂದರು.

ನನ್ನ ಕೆಲಸದಲ್ಲಿ ನನಗೆ ಗೊತ್ತಿರುವ ಒಂದೇ ವಿದ್ಯೆಯನ್ನು ಆವತ್ತು ಬಳಸಿದೆ. ಗ್ರಂಥಾಲಯದ ದಾಖಲೆ ಪುಸ್ತಕದಲ್ಲಿ ಒಂದು ಸಲ ನಂಬರು ಬಿದ್ದ ವಸ್ತುವನ್ನು ಯಾರೂ ಹಾಗೇ ಎಸೆಯುವಂತಿಲ್ಲ. ಗೆದ್ದಲು ತಿಂದ ಪುಸ್ತಕವಾದರೂ ಸರಿ, ಅದನ್ನು ತೆಗೆದುಹಾಕಲು ಸಮಿತಿ ಕೂಡಬೇಕು, ಮೂವರು ಸಹಿ ಹಾಕಬೇಕು, ವರ್ಷಗಟ್ಟಲೆ ಹಿಡಿಯುತ್ತದೆ. ದಪ್ಪ ಪುಸ್ತಕ ತೆಗೆದು ಮೊದಲ ಡಬ್ಬಕ್ಕೆ ನಂಬರು ಹಾಕಿದೆ. ಸೂಪರಿಂಟೆಂಡೆಂಟ್ ಬಗ್ಗಿ ನೋಡಿದರು. ನಿಯಮ ಅವರಿಗೂ ಗೊತ್ತು. ತುಟಿಯಂಚಿನಲ್ಲಿ ನಕ್ಕು, ಫೈಲು ಕಂಕುಳಲ್ಲಿ ಇಟ್ಟುಕೊಂಡು ಹೋದರು.

ಎರಡನೆಯ ಅಂಕಣ ಕರ್ತೃವಿನದು. ಅಕ್ಕಾರ ಹೆಸರು ಬರೆಯಲು ಹೊರಟೆ. ಅವರು ಪೆನ್ನಿನ ಮೇಲೆ ಕೈ ಇಟ್ಟರು.

"ಸಾಬಣ್ಣ ಅಂತ ಬರೀರಿ."

"ಅಕ್ಕಾರ, ಕರ್ತೃ ನೀವಲ್ಲೇನ್ರಿ?"

"ಅಗದಾಂವ ಅಂವ. ನಾ ಬರೇ ತಪ್ಪು ಓದಿದಾಕಿ."

ನಲವತ್ತು ಸಲ ಬರೆದೆ, ಸಾಬಣ್ಣ, ಸಾಬಣ್ಣ ಅಂತ. ಅಕ್ಕಾರು ಡಬ್ಬದ ಮೇಲೆ ಒಂದೊಂದೇ ನಂಬರು ಅಂಟಿಸಿದರು.

ನಿವೃತ್ತಿಯ ಮೇಲೂ ಮೊದಲ ಸೋಮವಾರ ತಪ್ಪಲಿಲ್ಲ. ಮೊಣಕಾಲು ಹಿಡಿದುಕೊಂಡ ಮೇಲೆ ಫೋನಿನಲ್ಲಿ ಕೇಳುತ್ತಿದ್ದರು. ಎರಡನೆಯ ವರ್ಷದ ಚಳಿಯಲ್ಲಿ ನಾಲ್ಕು ದಿನ ಮಲಗಿ ತೀರಿಕೊಂಡರು. ಮುಂದಿನ ಮೊದಲ ಸೋಮವಾರ ಹನ್ನೊಂದಕ್ಕೆ ಫೋನು ಬರಲಿಲ್ಲ. ನಾನೇ ಹುಡುಕಿದೆ. ಒಬ್ಬಳು ನಂಬಿದ್ದಳು, ಬೇರೆ ರಾಜ್ಯದ ಯಾವುದೋ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುವ ಹುಡುಗಿ. ಅಕ್ಕಾರು ಬರೆಯುತ್ತಿದ್ದ ಪತ್ರವನ್ನೇ ನಾನು ಬರೆದೆ, ಕೆಳಗೆ ಡಬ್ಬಗಳ ವಿಷಯ ಸೇರಿಸಿದೆ.

ಎರಡು ತಿಂಗಳ ಮೇಲೆ ಆ ಹುಡುಗಿ ಬೆನ್ನಚೀಲ ಹಾಕಿಕೊಂಡು ಬಂದು ನಿಂತಳು. ಹನ್ನೊಂದನೆಯ ಡಬ್ಬ ಬೇಕು ಅಂದಳು. ನಮ್ಮಲ್ಲಿ ಪುಸ್ತಕಕ್ಕೆ ಹದಿನೈದು ದಿನ. ಚೀಟಿಗೆ ಸಹಿ ಮಾಡಿಸಿಕೊಂಡು ಕೊಟ್ಟೆ. ಇಲ್ಲಿಯ ಪರಿಚಯದವರ ಪ್ರಯೋಗಶಾಲೆಯಲ್ಲಿ ಕೆಲಸ ಮಾಡಿಕೊಂಡು ಹದಿನಾಲ್ಕನೆಯ ದಿನ ವಾಪಸು ತಂದಳು. ಡಬ್ಬದ ಜೊತೆ ಕಾಗದದ ಒಂದು ಸಣ್ಣ ಪೊಟ್ಟಣ ಇತ್ತು. ಬಿಚ್ಚಿ ಭೂತಗನ್ನಡಿಯಲ್ಲಿ ತೋರಿಸಿದಳು. ಹೊಳೆಯುವ, ಸುರುಳಿ ಸುತ್ತಿಕೊಂಡ ಕಬ್ಬಿಣದ ಚೂರುಗಳು.

ನಾನು ಸಾಬಣ್ಣನಿಗೆ ಫೋನು ಮಾಡಿದೆ. ಕೂಕಟ್‌ಪಲ್ಲಿಯಲ್ಲಿ ಯಾವುದೋ ಕಟ್ಟಡದ ಎಂಟನೆಯ ಮಹಡಿಯಲ್ಲಿ ಇದ್ದ, ಹಿಂದೆ ಕಾಂಕ್ರೀಟ್ ಕಲಸುವ ಯಂತ್ರದ ಸದ್ದು.

"ಸಾಬಣ್ಣ, ನಿನ್ನ ಗೇಣಿನ್ಯಾಗ ಒಂದು ಚಿಟಿಕಿ ಸಿಕ್ಕೈತಿ ನೋಡಪಾ."

ಅವನು ಯಾರಿಗೋ ಯಂತ್ರ ನಿಲ್ಲಿಸು ಅಂತ ಕೂಗಿದ.

"ಯಾವ ಡಬ್ಬ್ಯಾಗ್ರಿ?"

"ಹನ್ನೊಂದು."

"ಇನ್ನ ಮೂವತ್ತೊಂಬತ್ತು ಅದಾವಲ್ರಿ. ಹುಡುಕು ಅನ್ರಿ."

ಹೇಳಿದೆ. ಹುಡುಗಿ ಹನ್ನೆರಡನೆಯದನ್ನು ಬರೆಸಿಕೊಂಡು ಹೋದಳು.